ಒಣಹೊಳೆಯಲ್ಲಿ ಹಾಸಿದ ಚಾಪೆ

ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ ಶುಕ್ರವಾರ ಮಧ್ಯಾಹ್ನ ನಾನು ಲಿಫ್ಟ್ ಹತ್ತುವುದಿಲ್ಲ. ಮೇಲಿನ ಮನೆಯ ಒಮಾನಿ ಕುಟುಂಬದವರು ನಮಾಜಿಗೆ ಹೊರಡುವ ಮೊದಲು ಬಟ್ಟೆಗೆ ಬುಖೂರಿನ ಹೊಗೆ ಹಿಡಿಸಿಕೊಳ್ಳುತ್ತಾರೆ. ಕೆಂಡದ ಮೇಲೆ ಉದುರಿಸುವ ಆ ಸುಗಂಧದ ಪುಡಿಯ ವಾಸನೆ ಅವರು ಇಳಿದುಹೋದ ಮೇಲೂ ಬಹಳ ಹೊತ್ತು ಲಿಫ್ಟಿನೊಳಗೆ ನಿಂತಿರುತ್ತದೆ. ಕಳೆದ ತಿಂಗಳು ಮಗಳ ಜೊತೆ ಮಾತಾಡುತ್ತಾ ಮರೆತು ಒಳಗೆ ಹೋದೆ. ಬಾಗಿಲು ಮುಚ್ಚಿತು. ಮುಂದೆ ಯಾವುದೋ ಮಹಡಿಯಲ್ಲಿ ತೆರೆದ ಕೂಡಲೇ ಹೊರಗೆ ಬಂದು ಗೋಡೆ ಹಿಡಿದು ನಿಂತುಬಿಟ್ಟೆ.

"ವಾಟ್ ಹ್ಯಾಪನ್ಡ್ ಪಪ್ಪಾ? ಇಟ್ಸ್ ಜಸ್ಟ್ ಪರ್ಫ್ಯೂಮ್," ಎಂದಳು ನಿಧಿ.

ನನ್ನ ಕಿವಿಯಲ್ಲಿ ಟ್ಯಾಂಕರಿನ ಹಾರ್ನ್ ಕೇಳುತ್ತಿತ್ತು. ಅದನ್ನು ಒಂಬತ್ತನೇ ಕ್ಲಾಸಿನ ಹುಡುಗಿಗೆ ಹೇಗೆ ವಿವರಿಸುವುದು?

ಆ ಸಂಜೆ ಹೆಂಡತಿ ಶೋಭಾ ಅಡುಗೆಮನೆಯಿಂದಲೇ ಹೇಳಿದಳು: "ನೀವು ಒಮ್ಮೆ ಆ ಊರಿಗೆ ಹೋಗಿ ಬನ್ನಿ. ಅವರ ಮನೆಯವರನ್ನು ಕಂಡು ಮಾತಾಡಿ. ಹೋಗದೆ ಇಲ್ಲೇ ಕೂತ್ರೆ ಇದು ನಿಮ್ಮನ್ನು ಬಿಡುದಿಲ್ಲ."

ಹೋಗಿ ಬಂದೆ. ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಊರು ಇಬ್ರಾ ಪಟ್ಟಣದಿಂದ ಒಳಕ್ಕೆ, ಬೋಳು ಬೆಟ್ಟಗಳು ಬಯಲಿಗೆ ಇಳಿಯುವಲ್ಲಿದೆ. ಹೆಸರು ಬೇಡ. ಮಂಗಳೂರಿನಲ್ಲಿ ಭೂವಿಜ್ಞಾನ ಓದಿ ಬಂದ ನಾನು ಕೆಲವು ವರ್ಷಗಳ ಹಿಂದೆ ಮಸ್ಕತ್ತಿನ ಒಂದು ಸಣ್ಣ ಸಲಹಾ ಸಂಸ್ಥೆಯಲ್ಲಿದ್ದೆ. ಊರ ಹಿಂದಿನ ಬೆಟ್ಟದ ಬುಡದಲ್ಲಿ ಒಂದು ಗ್ಯಾಸ್ ಕಂಪನಿ ಫ್ರಾಕಿಂಗ್ ಬಾವಿಗಳನ್ನು ತೋಡಲು ಹೊರಟಿತ್ತು. ತೀರಾ ಆಳದ ಗಟ್ಟಿ ಬಂಡೆಯೊಳಗೆ ಮರಳೂ ರಾಸಾಯನಿಕವೂ ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ, ಬಂಡೆಯನ್ನು ಬಿರುಕು ಬಿಡಿಸಿ, ಅಲ್ಲಿ ಸಿಕ್ಕಿಕೊಂಡಿರುವ ಗ್ಯಾಸನ್ನು ಹೊರಗೆಳೆಯುವ ಕೆಲಸ ಅದು. ಒಂದು ಪರೀಕ್ಷಾ ಬಾವಿಯ ಕೆಲಸ ಬೆಟ್ಟದ ಆಚೆ ಮಗ್ಗುಲಲ್ಲಿ ನಡೆಯುತ್ತಿತ್ತು. ಉಳಿದವು ಊರಿನ ಮಗ್ಗುಲಲ್ಲಿ ಬರಬೇಕು, ಅವಕ್ಕೆ ಅನುಮತಿ ಸಿಗಬೇಕು. ಅದಕ್ಕೆ ಮುಂಚೆ ಸುತ್ತಲಿನ ನೀರು ಎಷ್ಟಿದೆ, ಹೇಗಿದೆ ಎಂದು ಅಳೆದಿಡಲು ಕಂಪನಿ ನಮ್ಮ ಸಂಸ್ಥೆಗೆ ಹೇಳಿತ್ತು. ಸಂಸ್ಥೆ ನನ್ನನ್ನು ಕಳಿಸಿತು. ಚಳಿಗಾಲದ ಆರಂಭದಲ್ಲಿ ಹೋದವನು ಬೇಸಿಗೆ ಬಲಿಯುವ ಮೊದಲೇ ವಾಪಸು ಬಂದೆ. ನನ್ನ ಮಟ್ಟಿಗೆ ಆ ಒಂದು ಚಳಿಗಾಲ ಇನ್ನೂ ಮುಗಿದಿಲ್ಲ.

ಊರ ಅಂಚಿನಲ್ಲಿ ಬಾಡಿಗೆಗೆ ಹಿಡಿದ ಮನೆಯಲ್ಲಿ ನನ್ನ ಜೊತೆಗಿದ್ದವನು ಆಲ್ವಿನ್. ಶಿರ್ವದವನು. ಪರೀಕ್ಷಾ ಬಾವಿಗೆ ನೀರು ಹೊರುವ ಟ್ಯಾಂಕರುಗಳ ಮೇಲ್ವಿಚಾರಕ. ನನ್ನ ಜೊತೆ ತುಳುವಿನಲ್ಲಿ ಶುರುಮಾಡಿ, ಸಿಟ್ಟು ಬಂದಾಗ ಕನ್ನಡಕ್ಕೆ ದಾಟಿ, ದೇವರ ಮುಂದೆ ಕುಳಿತಾಗ ಮಾತ್ರ ಕೊಂಕಣಿಗೆ ಹೋಗುತ್ತಿದ್ದ. ಮೀನಿಲ್ಲದ ಊರೆಂದು ಮೊದಲ ದಿನವೇ ಬೈದ.

"ಸಮುದ್ರ ಇರುವ ದೇಶಕ್ಕೆ ಬಂದು ಡಬ್ಬಿಯ ಮೀನು ತಿನ್ನುವ ಕರ್ಮ ನೋಡು ಮಾರಾಯ. ಖಸಬ್‌ನಲ್ಲಿ ಕೆಲಸ ಉಂಟು ಅಂತ ನನ್ನ ತಮ್ಮ ಕರೆದಿದ್ದ. ಹೋಗಿದ್ರೆ ದಿನಾ ತಾಜಾ ಅಂಜಲ್."

ಆ ಊರಿನ ಜೀವ ಫಲಜ್. ಬೆಟ್ಟದ ಬುಡದಲ್ಲಿ ಒಂದು ಆಳದ ಬಾವಿಯಿದೆ. ಅಲ್ಲಿ ಹುಟ್ಟುವ ನೀರು ನೆಲದೊಳಗಿನ ಸುರಂಗದಲ್ಲಿ ಹರಿದು ಊರ ಬಾಯಲ್ಲಿ ಕಾಲುವೆಯಾಗಿ ಹೊರಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಮೊದಲು ಕುಡಿಯುವವರಿಗೆ, ಆಮೇಲೆ ಮಸೀದಿಗೆ, ಆಮೇಲೆ ಸ್ನಾನದ ಕಟ್ಟೆಗಳಿಗೆ, ಕೊನೆಗೆ ಖರ್ಜೂರದ ತೋಟಗಳಿಗೆ ಸರದಿಯ ಪ್ರಕಾರ. ಮೂಲದ ಬಾವಿಯನ್ನು ಊರವರು ಫಲಜಿನ ತಾಯಿ ಎನ್ನುತ್ತಾರೆ. ಕಂಪನಿಯ ನಕ್ಷೆಯಲ್ಲಿ ಹೊಸ ಬಾವಿಗಳ ಜಾಗ ಆ ತಾಯಿಯ ಮಗ್ಗುಲಲ್ಲೇ ಇತ್ತು. ಜಗಳ ಇದ್ದದ್ದು ಇಷ್ಟಕ್ಕೆ.

ನಾನು ಮೊದಲ ಸಲ ಕಾಲುವೆಗೆ ಇಳಿದು ನೀರಿನ ವೇಗ ಅಳೆಯುತ್ತಿದ್ದಾಗ ಕಟ್ಟೆಯ ಮೇಲಿಂದ ಯಾರೋ ಹಿಂದಿಯಲ್ಲಿ ಕೇಳಿದರು: "ಮೀನು ಹಿಡೀತಾ ಇದ್ದೀಯೋ, ನಮ್ಮನ್ನು ಹಿಡೀತಾ ಇದ್ದೀಯೋ?"

ತಲೆಯೆತ್ತಿದೆ. ಉದ್ದದ ಬಿಳಿ ನಿಲುವಂಗಿ ದಿಶ್‌ದಾಶ ತೊಟ್ಟು, ತಲೆಗೆ ಕಂದುಬಣ್ಣದ ಕಸೂತಿಯ ಮಸ್ಸರ್ ಸುತ್ತಿದ ಅರವತ್ತು ದಾಟಿದ ಮನುಷ್ಯ. ಖಲ್ಫಾನ್. ಊರ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಅಜ್ಜನ ಕಾಲದಲ್ಲಿ ಮನೆಯವರು ಝಾಂಝಿಬಾರಿನಲ್ಲಿದ್ದರಂತೆ. ತಮ್ಮ ಹಮೂದ್ ಜೊತೆ ಗುಟ್ಟು ಮಾತಾಡುವುದಿದ್ದರೆ ಸ್ವಾಹಿಲಿಯಲ್ಲಿ. ನನ್ನ ಜೊತೆ ಅವರ ಹಿಂದಿ, ನನ್ನ ಅರಬಿ, ಎರಡೂ ಕುಂಟುತ್ತಾ ಹೇಗೋ ನಡೆಯುತ್ತಿದ್ದವು.

ಮನೆಗೆ ಕರೆದರು. ಅಲ್ಲಿಯ ಕ್ರಮಗಳನ್ನು ಕಲಿತದ್ದು ಆ ಮಜ್ಲಿಸ್‌ನಲ್ಲಿ, ಅಂದರೆ ಅತಿಥಿಗಳ ಕೋಣೆಯಲ್ಲಿ. ಕುಳಿತ ಮೇಲೆ ಮನೆಯವರು ಗಂಭೀರವಾಗಿ "ಏನು ಸುದ್ದಿ?" ಎಂದು ಕೇಳಬೇಕು. ಬಂದವನು, ಮನೆಗೆ ಬೆಂಕಿಯೇ ಬಿದ್ದಿರಲಿ, "ಒಳ್ಳೆಯದೇ, ಬೇರೆ ಸುದ್ದಿಯಿಲ್ಲ" ಎನ್ನಬೇಕು. ಆಮೇಲೆ ಖರ್ಜೂರ, ಆಮೇಲೆ ಏಲಕ್ಕಿ ಹಾಕಿದ ಕಹಿ ಕಾಫಿ, ಹಿಡಿಯಿಲ್ಲದ ಪುಟ್ಟ ಕಪ್ಪಿನಲ್ಲಿ. ಸಾಕೆನಿಸಿದಾಗ ಖಾಲಿ ಕಪ್ಪನ್ನು ಬೆರಳುಗಳಲ್ಲಿ ಹಿಡಿದು ಅಲ್ಲಾಡಿಸಬೇಕು. ಅಲ್ಲಾಡಿಸದಿದ್ದರೆ ಸುರಿಯುತ್ತಲೇ ಇರುತ್ತಾರೆ. ಕೊನೆಗೆ ಮಣ್ಣಿನ ಧೂಪದ ಪಾತ್ರೆಯಲ್ಲಿ ಬುಖೂರ್ ಬರುತ್ತದೆ. ಅದು ಬಂತೆಂದರೆ ಭೇಟಿ ಮುಗಿಯಿತು. ಹೊಗೆಯನ್ನು ಗಡ್ಡಕ್ಕೆ, ಬಟ್ಟೆಗೆ ಹಿಡಿಸಿಕೊಂಡು ಅತಿಥಿ ಎದ್ದು ಹೋಗಬೇಕು. "ಎದ್ದೇಳು" ಎಂದು ಬಾಯಿಬಿಟ್ಟು ಯಾರೂ ಯಾರಿಗೂ ಹೇಳುವುದಿಲ್ಲ. ಅದಕ್ಕೆಂದೇ ಬುಖೂರ್.

"ಬಹಳ ಚೆನ್ನಾಗಿದೆ ಉಸ್ತಾದ್," ಎಂದಿದ್ದೆ. "ನಮ್ಮ ಊರಲ್ಲಿ ನೆಂಟರನ್ನು ಎಬ್ಬಿಸಲಿಕ್ಕೆ ಇಂಥ ಉಪಾಯ ಇಲ್ಲ."

"ಒಂದು ಡಬ್ಬಿ ಕೊಡುತ್ತೇನೆ, ತಗೊಂಡು ಹೋಗು," ಎಂದು ನಕ್ಕರು.

ಕಂಪನಿಯವರು ಊರಿನ ಸಭಾಮಂದಿರದಲ್ಲಿ ಒಂದು ಸಭೆ ಕರೆದರು. ಗೋಡೆಯ ಮೇಲೆ ಬಣ್ಣಬಣ್ಣದ ಪದರಗಳ ಚಿತ್ರ ಬಂತು. ನಿಮ್ಮ ನೀರು ಇಲ್ಲಿದೆ, ನಮ್ಮ ಗ್ಯಾಸ್ ಎಷ್ಟೋ ಕೆಳಗಿದೆ, ನಡುವೆ ದಪ್ಪ ಬಂಡೆಯಿದೆ, ಬಿರುಕು ಮೇಲಕ್ಕೆ ಬರುವ ಮಾತೇ ಇಲ್ಲ ಎಂದರು. ಖಲ್ಫಾನ್ ಎದ್ದು ನಿಂತು ಶಾಂತವಾಗಿ ಕೇಳಿದರು: "ಇಲ್ಲಿಗೆ ನಿಲ್ಲು ಅಂತ ಬಿರುಕಿಗೆ ಯಾರು ಹೇಳುತ್ತಾರೆ? ನೀವು ಹೇಳುತ್ತೀರೋ, ನಾವು ಹೇಳಬೇಕೋ?" ಜನ ನಕ್ಕರು. ಕಂಪನಿಯವನೂ ನಕ್ಕ. ಖಲ್ಫಾನ್ ನಗಲಿಲ್ಲ. "ಗ್ಯಾಸ್ ತೆಗೆಯಬೇಡಿ ಅನ್ನುವುದಿಲ್ಲ. ದೇಶಕ್ಕೆ ಬೇಕು, ತೆಗೆಯಿರಿ. ಜಾಗ ಬದಲಾಯಿಸಿ. ಬೆಟ್ಟದ ಆಚೆಗೇ ಎಲ್ಲವನ್ನೂ ತೋಡಿ. ತಾಯಿಯ ಹತ್ತಿರ ಬರಬೇಡಿ."

ಊರೆಲ್ಲ ಒಂದೇ ಮಾತಿನಲ್ಲಿತ್ತು ಎಂದರೆ ಸುಳ್ಳಾಗುತ್ತದೆ. ಕೆಲಸವಿಲ್ಲದೆ ಕುಳಿತಿದ್ದ ಯುವಕರು ಕಂಪನಿಯ ಪರವಾಗಿದ್ದರು. "ಫಲಜಿನ ನೀರು ಕುಡಿದು ಮದುವೆ ಆಗಲಿಕ್ಕೆ ಆಗುತ್ತದಾ?" ಎಂದು ಒಬ್ಬ ಸಭೆಯಲ್ಲೇ ಕೇಳಿದ. ಅವನ ಅಪ್ಪ ಅವನನ್ನು ತೋಳು ಹಿಡಿದು ಕೂರಿಸಿದ. ಆಕ್ಷೇಪಗಳನ್ನು ಅನುಮತಿ ಕೊಡುವ ಇಲಾಖೆಗೆ ತಿಳಿಸುತ್ತೇವೆ ಎಂದು ಹೇಳಿ ಕಂಪನಿಯವರು ಹೋದರು. ಆಮೇಲೆ ಯಾರೂ ಬರಲಿಲ್ಲ. ಟ್ಯಾಂಕರುಗಳು ಮಾತ್ರ ಬರುತ್ತಲೇ ಇದ್ದವು.

ಈ ದೇಶದಲ್ಲಿ ರಸ್ತೆಗೆ ಅಡ್ಡ ಕೂತು ಘೋಷಣೆ ಕೂಗುವ ರೂಢಿಯಿಲ್ಲ. ಕೂಗಿದರೆ ಏನಾಗುತ್ತದೆ ಎಂದು ನೋಡುವ ಧೈರ್ಯವೂ ಯಾರಿಗೂ ಇರಲಿಲ್ಲ. ಖಲ್ಫಾನ್ ಹಿಡಿದ ದಾರಿ ಬೇರೆ. ಬೆಟ್ಟಕ್ಕೆ ಹೋಗುವ ಕಚ್ಚಾ ರಸ್ತೆ ಊರ ಪಕ್ಕದ ವಾದಿಯನ್ನು ದಾಟಬೇಕು. ವಾದಿ ಎಂದರೆ ವರ್ಷವಿಡೀ ಕಲ್ಲು ಕಾಯುತ್ತಾ ಬಿದ್ದಿರುವ ಒಣಹೊಳೆ. ಎರಡೂ ಕಡೆ ಎತ್ತರದ ದಂಡೆಯಿದ್ದು ನಡುವೆ ರಸ್ತೆ ಕಿರಿದಾಗುವ ಜಾಗ ಅದೊಂದೇ. ಒಂದು ಬೆಳಿಗ್ಗೆ ಖಲ್ಫಾನ್, ಹಮೂದ್ ಮತ್ತು ಊರಿನ ಕೆಲವು ಹಿರಿಯರು ಅಲ್ಲಿ ರಸ್ತೆಯ ಬದಿಗೆ, ಗಾಡಿಗಳಿಗೆ ದಾರಿ ಬಿಟ್ಟೇ, ಚಾಪೆ ಹಾಸಿದರು. ತಟ್ಟೆಯ ತುಂಬ ಖರ್ಜೂರ, ಫ್ಲಾಸ್ಕುಗಳಲ್ಲಿ ಕಾಫಿ. ಟ್ಯಾಂಕರ್ ಬಂದಾಗ ಖಲ್ಫಾನ್ ಎದ್ದು ಕೈಯೆತ್ತಿ "ಬನ್ನಿ, ಕಾಫಿ ಕುಡಿದು ಹೋಗಿ" ಎಂದರು.

ಬಿಳಿ ಗಡ್ಡದ ಯಜಮಾನರು ಎದ್ದು ನಿಂತು ಕರೆದರೆ ಡ್ರೈವರು ಹೇಗೆ ಹೋದಾನು? ಇಳಿದು ಬಂದ. ಹಿಂದಿನ ಟ್ಯಾಂಕರಿಗೆ ದಾರಿಯಿಲ್ಲ. ಅವನೂ ಇಳಿದ. ಪೇಶಾವರದವರು, ಚಿತ್ತಗಾಂಗಿನವರು, ಮಲಪ್ಪುರಂನವರು, ಎಲ್ಲರೂ ಚಾಪೆಯ ಮೇಲೆ. ಕಪ್ಪು ಅಲ್ಲಾಡಿಸಬೇಕು ಎಂಬುದು ಹೊಸಬರಿಗೆ ಗೊತ್ತಿರಲಿಲ್ಲ. ಬೇಡ ಎನ್ನುವುದು ಮರ್ಯಾದೆಯಲ್ಲ ಎಂದುಕೊಂಡು ಕುಡಿಯುತ್ತಲೇ ಹೋದರು. ಹಮೂದ್ ಸುರಿಯುತ್ತಲೇ ಹೋದರು.

ಆ ಸಂಜೆ ಆಲ್ವಿನ್ ಮನೆಗೆ ಬಂದು ಹೆಲ್ಮೆಟ್ಟನ್ನು ಸೋಫಾದ ಮೇಲೆ ಎಸೆದ.

"ನಮ್ಮಲ್ಲಿ ರಸ್ತೆ ತಡೆ ಅಂದ್ರೆ ಟಯರ್ ಸುಡ್ತಾರೆ, ಕಲ್ಲು ಬಿಸಾಡ್ತಾರೆ. ಪೊಲೀಸಿಗೆ ಹೇಳ್ಬಹುದು. ಇದು ಎಂತ ಮಾರಾಯ? ಕಾಫಿ ಕುಡಿಸಿದ್ರು ಅಂತ ಕಂಪ್ಲೇಂಟ್ ಕೊಡ್ಲಿಕ್ಕೆ ಆಗ್ತದಾ?"

"ನೀನು ಕುಡಿದಿಯಾ?"

"ಕುಡಿದೆ. ಒಳ್ಳೆ ಉಂಟು," ಎಂದು ಒಪ್ಪಿಕೊಂಡ.

ಮರುದಿನದಿಂದ ಆಲ್ವಿನ್ ಡ್ರೈವರುಗಳ ಬೆಳಗಿನ ಸುರಕ್ಷತಾ ಸಭೆಯಲ್ಲಿ ಸೀಟ್ ಬೆಲ್ಟ್, ಬ್ರೇಕ್, ಟಯರ್ ಆದ ಮೇಲೆ ಹೊಸ ಪಾಠವೊಂದನ್ನು ಸೇರಿಸಿದ. ಖಾಲಿ ಕಪ್ಪನ್ನು ಎತ್ತಿ ಹಿಡಿದು, "ಐಸಾ ಹಿಲಾವೋ, ಖಲಾಸ್ ಬೋಲೋ, ಯಲ್ಲಾ ನಿಕ್ಲೋ," ಎಂದು ಅಲ್ಲಾಡಿಸಿ ತೋರಿಸುತ್ತಿದ್ದ. ಹಾಗಿದ್ದೂ ಕೆಲಸ ನಿಧಾನವಾಯಿತು. ಸಾಲಿನ ಹಿಂದೆ ಸಿಕ್ಕಿಕೊಂಡ ಡ್ರೈವರುಗಳು ದಂಡೆಯ ಮೇಲಿಂದ ಹಾರ್ನ್ ಹೊಡೆಯುತ್ತಿದ್ದರು. ಖಲ್ಫಾನ್ ಕುಳಿತಲ್ಲಿಂದಲೇ ಬಲಗೈಯ ಬೆರಳುಗಳನ್ನು ಮೊಗ್ಗಿನಂತೆ ಕೂಡಿಸಿ ಮೇಲಕ್ಕೆತ್ತಿ ತೋರಿಸುತ್ತಿದ್ದರು. ಸ್ವಲ್ಪ ತಾಳು ಎಂದು ಅದರ ಅರ್ಥ. ಆಮೇಲೆ ಅದೊಂದು ಆಟದಂತೆಯೇ ಆಯಿತು. ಹಾರ್ನ್ ಆದಾಗ ಚಾಪೆಯ ಮೇಲಿದ್ದ ಹಿರಿಯರೆಲ್ಲ ಒಟ್ಟಿಗೇ ಬೆರಳು ಕೂಡಿಸಿ ಎತ್ತಿ ನಗುತ್ತಿದ್ದರು. ಚಳಿಗಾಲವಿಡೀ ಆ ಹಾರ್ನಿಗೆ ಅದೇ ಉತ್ತರ.

ನನಗೂ ಆ ಚಾಪೆಯ ಮೇಲೆ ಒಂದು ಜಾಗವಿತ್ತು. ಅಳತೆಯ ಕೊಳವೆಯೊಂದು ಅಲ್ಲೇ ದಂಡೆಯಲ್ಲಿತ್ತು, ಅದು ನೆಪ. ಫೋನಿನಲ್ಲಿ ಶೋಭಾ ಬೈಯುತ್ತಿದ್ದಳು: "ನೀವು ಅಲ್ಲಿ ಕೂರ್ಬೇಡಿ. ವೀಸಾ ಕೊಟ್ಟ ಕಫೀಲ್‌ಗೆ ಗೊತ್ತಾದ್ರೆ ಕಥೆ ಮುಗೀತು. ಅವರ ಊರು, ಅವರ ನೀರು. ನಮಗೆ ಎಂತಕ್ಕೆ?" ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಬೆಳಗಿನ ಆ ಚಳಿಬಿಸಿಲಿನಲ್ಲಿ, ಆ ಕಾಫಿಯ ವಾಸನೆಯಲ್ಲಿ, ಖಲ್ಫಾನ್ ಡ್ರೈವರುಗಳಿಗೆ ಅವರವರ ಊರಿನ ನದಿಗಳ ಹೆಸರು ಕೇಳುತ್ತಾ ಕೂತಿರುವಾಗ ಎದ್ದುಹೋಗಲು ಮನಸ್ಸು ಬರುತ್ತಿರಲಿಲ್ಲ. ನನ್ನನ್ನೂ ಕೇಳಿದ್ದರು. ಶಾಂಭವಿ ಎಂದೆ. "ವರ್ಷವಿಡೀ ಹರಿಯುತ್ತದಾ?" ಎಂದರು. ಹೌದು ಎಂದಾಗ ಆ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಅವರಿಗೆ ಬೇಕಾಗಿದ್ದದ್ದು ಒಂದೇ. ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಬಂದು, ಕುಳಿತು, ಕೇಳಬೇಕು. ಬರುತ್ತಾರೆ ಎಂಬ ಮಾತು ಬರುತ್ತಿತ್ತು, ಮುಂದಕ್ಕೆ ಹೋಗುತ್ತಿತ್ತು. ಖರ್ಜೂರದ ಮರಗಳಿಗೆ ಹತ್ತಿ ಗಂಡು ಹೂವಿನ ಪರಾಗ ಕಟ್ಟುವ ಕಾಲ ಬಂತು. ಅದೂ ಮುಗಿಯಿತು. ಚಾಪೆಯ ಮೇಲೆ ಬಿಸಿಲು ಸುಡತೊಡಗಿತು. ಒಬ್ಬೊಬ್ಬರೇ ಹಿರಿಯರು ಬರುವುದು ಬಿಟ್ಟರು. ಕಡೆಗೆ ಉಳಿದವರು ಖಲ್ಫಾನ್, ಹಮೂದ್ ಮತ್ತು ಇನ್ನಿಬ್ಬರು ಮುದುಕರು. ಖಲ್ಫಾನ್‌ಗೆ ಮೊಣಕಾಲು ನೋವು. ಏಳುವಾಗ ಹಮೂದ್ ಕೈಕೊಡಬೇಕಾಗುತ್ತಿತ್ತು.

"ಬರದಿದ್ದರೆ?" ಎಂದು ಒಮ್ಮೆ ಕೇಳಿದೆ.

"ನಾನು ಶಾಲೆಯ ಮಾಸ್ತರ, ಯಾ ಸತೀಶ್. ತಡವಾಗಿ ಬರುವವರಿಗಾಗಿ ಕಾದು ಅಭ್ಯಾಸ ಉಂಟು."

ಬೇಸಿಗೆಯ ಬಾಗಿಲಿನಲ್ಲಿ ಒಂದು ಮಧ್ಯಾಹ್ನ ಅಧಿಕಾರಿ ಬಂದೇಬಿಟ್ಟರು. ಬೆಟ್ಟದ ಜಾಗ ನೋಡಿ ಬರುವಾಗ ವಾದಿಯಲ್ಲಿ ನಿಲ್ಲುತ್ತೇನೆ, ಒಂದು ಕಪ್ ಕಾಫಿಯಷ್ಟು ಹೊತ್ತು ಎಂದು ಹೇಳಿ ಕಳಿಸಿದ್ದರು. ಖಲ್ಫಾನ್ ಆ ದಿನ ಹಬ್ಬದ ಮಸ್ಸರ್ ಸುತ್ತಿದ್ದರು. ಹಲ್ವಾ ತರಿಸಿದ್ದರು. ಧೂಪದ ಪಾತ್ರೆಯೂ ಬಂದಿತ್ತು. ಡ್ರೈವರುಗಳಿಗೆ ಎಂದೂ ಬುಖೂರ್ ಹಿಡಿದಿರಲಿಲ್ಲ. ಅದು ದೊಡ್ಡ ಅತಿಥಿಗೆ. ಹಮೂದ್ ಕೆಂಡ ಮಾಡಿ ಬದಿಗಿಟ್ಟಿದ್ದರು.

ಅಧಿಕಾರಿ ಮೃದು ಮಾತಿನ ಮನುಷ್ಯ. ಬೂಟು ಬಿಚ್ಚಿ ಚಾಪೆಯ ಮೇಲೆ ಕುಳಿತರು. ಬೆನ್ನು ಬೆಟ್ಟದ ಕಡೆಗಿತ್ತು. ಎದುರಿಗೆ ಕುಳಿತ ಖಲ್ಫಾನ್ ಮುಖ ಬೆಟ್ಟದ ಕಡೆಗೆ. ನಾನು ಬದಿಯಲ್ಲಿದ್ದೆ, ಎರಡೂ ಕಡೆ ಕಾಣುತ್ತಿತ್ತು. ದಂಡೆಯ ಮೇಲೆ ಅಧಿಕಾರಿ ಹೊರಡುವುದನ್ನು ಕಾಯುತ್ತಿದ್ದ ಟ್ಯಾಂಕರುಗಳ ಸಾಲು, ಅದರ ತಲೆಯಲ್ಲಿ ಆಲ್ವಿನ್‌ನ ಪಿಕಪ್.

"ಏನು ಸುದ್ದಿ?"

"ಒಳ್ಳೆಯದೇ, ಬೇರೆ ಸುದ್ದಿಯಿಲ್ಲ."

ಖರ್ಜೂರ, ಕಾಫಿ. ಖಲ್ಫಾನ್ ಮಾತು ಶುರುಮಾಡಿದರು. ಅವಸರವಿಲ್ಲದೆ, ತರಗತಿಯಲ್ಲಿ ಹೇಳುವ ಹಾಗೆ. ಅಧಿಕಾರಿ ಮೊದಲು ಸೌಜನ್ಯಕ್ಕೆ ಕೇಳುತ್ತಿದ್ದರು. ಆಮೇಲೆ ನಿಜವಾಗಿ ಕೇಳತೊಡಗಿದರು. ಆ ಬದಲಾವಣೆ ಅವರ ಮುಖದಲ್ಲಿ ಕಾಣಿಸಿತು. ಎರಡನೇ ಕಪ್ ತೆಗೆದುಕೊಂಡರು. ಕಪ್ಪು ಅಲ್ಲಾಡಿಸಲಿಲ್ಲ.

ಬೆಟ್ಟದ ಮೇಲೆ ಮೋಡ ಎದ್ದದ್ದು ಆಗ. ನಮ್ಮ ತಲೆಯ ಮೇಲೆ ಸುಡು ಬಿಸಿಲು. ಅಲ್ಲಿ ಮಾತ್ರ ಬೆಟ್ಟದ ತುದಿಗಳ ಹಿಂದೆ ಕಪ್ಪು ಏರುತ್ತಾ ಇತ್ತು. ವಾದಿಯಲ್ಲಿ ನೀರು ಬರಲು ಅಲ್ಲೇ ಮಳೆ ಬರಬೇಕಾಗಿಲ್ಲ, ದೂರದ ಬೆಟ್ಟದಲ್ಲಿ ಸುರಿದರೆ ಸಾಕು. ಈ ದೇಶದಲ್ಲಿ ಪುಟ್ಟ ಮಕ್ಕಳಿಗೂ ಗೊತ್ತಿರುವ ವಿಷಯ ಅದು. ಖಲ್ಫಾನ್‌ಗೆ ಮೋಡ ಕಂಡಿತ್ತು. ಅವರ ಕಣ್ಣು ಒಮ್ಮೆ ಮೇಲಕ್ಕೆ ಹೋಗಿ ಇಳಿಯಿತು. ನಾನು ಹತ್ತಿರ ಬಗ್ಗಿ, "ಉಸ್ತಾದ್, ಬೆಟ್ಟದ ಮೇಲೆ..." ಎಂದೆ.

"ಶ್ವೈ ಶ್ವೈ," ಎಂದರು ಮೆಲ್ಲಗೆ. ಸ್ವಲ್ಪ, ಇನ್ನು ಸ್ವಲ್ಪ.

ಹಮೂದ್ ಅದನ್ನು ನೋಡಿದರು. ಕೆಂಡದ ಮೇಲೆ ಬುಖೂರ್ ಉದುರಿಸಿ ಪಾತ್ರೆಯನ್ನು ಎತ್ತಿದರು. ಮೊದಲ ಹೊಗೆ ಎದ್ದು ನನ್ನ ಮುಖಕ್ಕೆ ಬಂತು. ಖಲ್ಫಾನ್ ತಮ್ಮನನ್ನು ನೋಡಿದರು. ಅಂಗೈಯನ್ನು ನೆಲದ ಕಡೆ ತಿರುಗಿಸಿ ಕೆಳಕ್ಕೆ ಒತ್ತಿದರು. ಇಡು, ಈಗ ಬೇಡ. ಹಮೂದ್ ಪಾತ್ರೆಯನ್ನು ತಮ್ಮ ಬೆನ್ನ ಹಿಂದೆ ಇಟ್ಟರು.

ನನ್ನ ತಲೆಯಲ್ಲಿ ದಿನಾ ತಿರುಗುವುದು ಆ ಅಂಗೈ. ಅತಿಥಿಗೆ ಎದ್ದೇಳಿ ಎಂದು ಬಾಯಿಬಿಟ್ಟು ಹೇಳುವ ಕ್ರಮ ಅವರಲ್ಲಿಲ್ಲ. ಹೇಳುವುದಿದ್ದರೆ ಬುಖೂರ್ ತರಬೇಕು. ತಂದರೆ ಆ ಮನುಷ್ಯ ಎದ್ದು ಹೋಗುತ್ತಾನೆ. ಇಡೀ ಚಳಿಗಾಲ ಯಾರಿಗಾಗಿ ಕಾದಿದ್ದರೋ ಅವನು, ಕೇಳತೊಡಗಿದ ಹೊತ್ತಿಗೆ. ಆ ಕ್ಷಣದಲ್ಲಿ ಅಧಿಕಾರಿ ಮುಂದಕ್ಕೆ ಬಗ್ಗಿ, "ಆ ತಾಯಿಬಾವಿ ಎಲ್ಲಿ ಬರುತ್ತದೆ? ಸರಿಯಾಗಿ ತೋರಿಸಿ. ಜಾಗದ ವಿಷಯ ಮತ್ತೆ ನೋಡಬಹುದು," ಎಂದರು. ಖಲ್ಫಾನ್ ಚಾಪೆಯ ಅಂಚಿನ ಮರಳಿನಲ್ಲಿ ಬೆರಳಿನಿಂದ ಗೆರೆ ಎಳೆಯತೊಡಗಿದರು. ಇದು ಬೆಟ್ಟ, ಇದು ಸುರಂಗ, ಇಲ್ಲಿ ನಾವು.

ಆಗ ಹಾರ್ನ್ ಕೇಳಿತು.

ದಂಡೆಯ ಮೇಲಿಂದ ಒಂದು ಟ್ಯಾಂಕರ್, ಆಮೇಲೆ ಇನ್ನೊಂದು. ಅಧಿಕಾರಿಯ ಮುಖ ಸ್ವಲ್ಪ ಗಂಟಾಯಿತು. ಖಲ್ಫಾನ್ ತಲೆಯೆತ್ತದೆಯೇ ಬಲಗೈಯ ಬೆರಳುಗಳನ್ನು ಕೂಡಿಸಿ ಎತ್ತಿ ತೋರಿಸಿದರು. ಇಬ್ಬರು ಮುದುಕರೂ ನಗುತ್ತಾ ಬೆರಳು ಎತ್ತಿದರು. ಹಾರ್ನ್ ನಿಲ್ಲಲಿಲ್ಲ. ಸಾಲಿನ ಎಲ್ಲ ಟ್ಯಾಂಕರುಗಳೂ ಒಟ್ಟಿಗೆ ಹೊಡೆಯತೊಡಗಿದವು. ಇವತ್ತು ಆಲ್ವಿನ್‌ಗೆ ಬಹಳ ಸಿಟ್ಟು ಬಂದಿದೆ ಎಂದುಕೊಂಡೆ. ನೆಲದ ಮೂಲಕ ಇನ್ನೊಂದು ಗುಡುಗುಡು ಸದ್ದೂ ಬರುತ್ತಿತ್ತು. ಬೆಟ್ಟದ ಕಡೆಯಿಂದ ಟ್ಯಾಂಕರ್ ಇಳಿದು ಬರುತ್ತಿದೆ ಎಂದುಕೊಂಡೆ.

ಆಲ್ವಿನ್ ದಂಡೆಯ ಅಂಚಿಗೆ ಓಡಿಬಂದು ಎರಡೂ ಕೈ ಬೀಸುತ್ತಿದ್ದ. ಹಾರ್ನಿನ ಮಧ್ಯೆ ಅವನ ದನಿ ಮುರಿದು ಮುರಿದು ಬಂತು. "ವಾದಿ! ಸತೀಶಾ, ವಾದಿ ಬಂತು! ಏಳಿ ಮಾರಾಯ, ಏಳಿ!"

ತಿರುಗಿ ನೋಡಿದೆ. ಕಲ್ಲುಗಳ ನಡುವೆ ಕಂದು ನೀರಿನ ಒಂದು ತೆಳು ನಾಲಿಗೆ, ಮೂತಿಯಲ್ಲಿ ನೊರೆ, ಕಸ, ಒಣಕಡ್ಡಿ. ಏನೂ ಅವಸರವಿಲ್ಲದಂತೆ ಬರುತ್ತಿತ್ತು. ಅದರ ಹಿಂದೆ, ತಿರುವಿನಲ್ಲಿ, ಗೋಡೆಯಷ್ಟು ಎತ್ತರದ್ದು.

ಎಲ್ಲರೂ ಎದ್ದೆವು. ಮೊದಲು ಅತಿಥಿ. ಹಮೂದ್ ಮತ್ತು ನಾನು ಅಧಿಕಾರಿಯನ್ನು ಎರಡು ತೋಳು ಹಿಡಿದು ದಂಡೆಗೆ ದೂಡಿದೆವು. ಮೇಲಿಂದ ಆಲ್ವಿನ್ ಎಳೆದುಕೊಂಡ. ಆಮೇಲೆ ಮುದುಕರು. ಖಲ್ಫಾನ್ ಚಾಪೆಯ ಹತ್ತಿರವೇ ನಿಂತು ಒಬ್ಬೊಬ್ಬರನ್ನೂ ಬೆನ್ನಿಗೆ ಕೈಯಿಟ್ಟು ಮುಂದೆ ಕಳಿಸುತ್ತಿದ್ದರು. ಮನೆಯ ಬಾಗಿಲಲ್ಲಿ ನಿಂತು ಕಳಿಸಿಕೊಡುವ ಹಾಗೆ. ಎಲ್ಲರೂ ಹತ್ತಿದ ಮೇಲೆ ಅವರು ದಂಡೆಯ ಕಡೆ ತಿರುಗಿದರು. ಮೊಣಕಾಲು ಮಡಚಲಿಲ್ಲ. ನೀರು ಆಗಲೇ ಅವರ ಸೊಂಟಕ್ಕೆ ಬಂದಿತ್ತು.

ಹಮೂದ್ ಅಣ್ಣನನ್ನು ಸ್ವಾಹಿಲಿಯಲ್ಲಿ ಕೂಗುತ್ತಿದ್ದರು. ನಾನು ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದೆ. ಎಟುಕಲಿಲ್ಲ. ಖಲ್ಫಾನ್ ತಲೆಯಿಂದ ಮಸ್ಸರ್ ಬಿಚ್ಚಿ ಒಂದು ತುದಿಯನ್ನು ನನ್ನ ಕಡೆ ಎಸೆದರು. ಸಿಕ್ಕಿತು. ಆ ಕಡೆ ಅವರ ಭಾರ ಕೈಗೆ ತಿಳಿಯುತ್ತಿತ್ತು. ಆಲ್ವಿನ್ ನನ್ನ ಕಾಲುಗಳನ್ನು ಹಿಡಿದಿದ್ದ. ಮಸ್ಸರ್ ಇಲ್ಲದ ಅವರ ತಲೆಯನ್ನು ಅದುವರೆಗೆ ನಾನು ನೋಡಿರಲಿಲ್ಲ. ಪೂರ್ತಿ ಬೋಳು, ಮಗುವಿನ ತಲೆಯಂತೆ. ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಬಟ್ಟೆ ಹಗುರವಾಯಿತು.

ಇಡೀ ಆ ಮಧ್ಯಾಹ್ನದಲ್ಲಿ ಅಷ್ಟು ಹಗುರವಾದದ್ದು ಬೇರೇನೂ ಇರಲಿಲ್ಲ. ನಿದ್ದೆಯಲ್ಲಿ ಈಗಲೂ ನನ್ನ ಕೈ ಏನನ್ನೋ ಎಳೆಯುತ್ತಿರುತ್ತದೆ ಎಂದು ಶೋಭಾ ಹೇಳುತ್ತಾಳೆ.

ಮರುದಿನ ವಾದಿ ಇಳಿದ ಮೇಲೆ ಕೆಳಗಿನ ಊರಿನ ಹತ್ತಿರ, ಮುಳ್ಳುಮರಗಳ ಬುಡದಲ್ಲಿ ಸಿಕ್ಕಿದರು. ಅಂದೇ ಮಣ್ಣು ಮಾಡಿದರು. ಆಲ್ವಿನ್ ಆಮೇಲೆ ಒಂದು ವಾರ ಕೆಲಸಕ್ಕೆ ಹೋಗಲಿಲ್ಲ. ಮನೆಯ ಮೆಟ್ಟಿಲಲ್ಲಿ ಕೂತು ಒಂದೇ ಮಾತು: "ನಾವು ಹಾರ್ನ್ ಹೊಡೆದೆವು ಮಾರಾಯ. ಕೈ ನೋಯುವವರೆಗೆ ಹೊಡೆದೆವು. ಅವರು ಬೆರಳು ತೋರಿಸಿದ್ರು. ದಿನಾ ತೋರಿಸುವ ಹಾಗೆ ತೋರಿಸಿದ್ರು." ಅವನು ಈಗ ಖಸಬ್‌ನಲ್ಲಿದ್ದಾನೆ. ಮೀನಿನ ಫೋಟೋ ಕಳಿಸುತ್ತಾನೆ. ಇದರ ಬಗ್ಗೆ ಇಬ್ಬರೂ ಮಾತಾಡುವುದಿಲ್ಲ.

ಚಾಪೆ ಮತ್ತೆ ಹಾಸಲಿಲ್ಲ. ಅಧಿಕಾರಿ ಸಂತಾಪಕ್ಕೆ ಬಂದಿದ್ದರು. ಹಮೂದ್ ಅವರ ಕೈ ಹಿಡಿದು ಅತ್ತರು. ಆ ಕಣ್ಣೀರು ಸುಳ್ಳಲ್ಲ ಎಂದು ಇವತ್ತೂ ನಂಬುತ್ತೇನೆ. ವಾಪಸು ಹೋಗಿ ಅವರು ಒಂದು ಶಿಫಾರಸು ಮಾಡಿದರು. ವಾದಿಯ ದಾಟು ಅಪಾಯಕಾರಿ, ಕೂಡಲೇ ಸೇತುವೆ ಬೇಕು ಎಂದು. ಯಾರು ಬೇಡ ಎಂದಾರು? ಶಾಲೆಯ ಬಸ್ಸಿಗೆ ಒಳ್ಳೆಯದು, ಬಸುರಿಯರಿಗೆ ಒಳ್ಳೆಯದು ಎಂದು ಊರೂ ಒಪ್ಪಿತು. ಕಂಪನಿ ಖರ್ಚು ವಹಿಸಿಕೊಂಡಿತು. ಸೇತುವೆ ಅದೆಷ್ಟು ಬೇಗ ಎದ್ದಿತೆಂದರೆ ಊರವರಿಗೇ ಆಶ್ಚರ್ಯ. ಮರಳಿನಲ್ಲಿ ಬೆರಳಿನಿಂದ ಎಳೆದ ಗೆರೆಯ ವಿಷಯ ಎಲ್ಲೂ ಬರಲಿಲ್ಲ. ಹೊಸ ಬಾವಿಗಳಿಗೆ ಮೊದಲಿನ ಜಾಗದಲ್ಲೇ ಅನುಮತಿ ಸಿಕ್ಕಿತು. ಟ್ಯಾಂಕರುಗಳು ಈಗ ಎಲ್ಲಿಯೂ ನಿಲ್ಲಬೇಕಾಗಿಲ್ಲ. ನನ್ನನ್ನು ಮಸ್ಕತ್ತಿನ ಆಫೀಸಿಗೆ, ಕಂಪ್ಯೂಟರಿನ ಮುಂದಕ್ಕೆ ಕರೆಸಿಕೊಂಡರು.

ಕಳೆದ ವಾರ ಆ ಸೇತುವೆಯ ಮೇಲೆ ಹೋದೆ. ನಡುವೆ ನಿಧಾನ ಮಾಡಿ ಕೆಳಗೆ ನೋಡಬೇಕೆಂದಿದ್ದೆ. ವಾಹನ ನಿಲ್ಲಿಸಬಾರದು ಎಂಬ ಫಲಕವಿತ್ತು. ಹಿಂದಿನ ಟ್ಯಾಂಕರ್ ಬೆನ್ನಿಗೇ ಬರುತ್ತಿತ್ತು. ನೋಡಲಾಗಲಿಲ್ಲ.

ಫಲಜಿನ ಕಾಲುವೆಯ ಬಳಿ ಇಳಿದೆ. ನಾನು ಮೊಣಕಾಲು ನೆನೆಸಿ ನಿಲ್ಲುತ್ತಿದ್ದಲ್ಲಿ ನೀರು ಪಾದದ ಗಂಟಿಗೂ ಬರುತ್ತಿರಲಿಲ್ಲ. ಕೊನೆಯ ತೋಟಗಳಲ್ಲಿ ಮರಗಳ ಗರಿಗಳು ಒಣಗಿ ಕಾಂಡಕ್ಕೆ ಜೋತಿದ್ದವು. ಫ್ರಾಕಿಂಗ್‌ನ ಬಾವಿಗಳಿಂದಲೇ ಹೀಗಾಯಿತು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಮಳೆ ಕಡಿಮೆ ಎನ್ನುತ್ತಾರೆ. ಇರಬಹುದು. ನಾನು ಓದಿದ ವಿದ್ಯೆ ಇರಬಹುದು ಎನ್ನುವುದನ್ನು ಬಹಳ ಚೆನ್ನಾಗಿ ಕಲಿಸಿದೆ.

ಹಮೂದ್ ಬಾಗಿಲು ತೆರೆದರು. ಬಹಳ ಮುದುಕರಾಗಿದ್ದಾರೆ. ಅದೇ ಮಜ್ಲಿಸ್, ಗೋಡೆಯ ಮೊಳೆಯಲ್ಲಿ ಆ ದಿನ ನಾನು ಮರಳಿಸಿದ ಮಸ್ಸರ್, ಮಡಚಿ ತೂಗುಹಾಕಿದ್ದಾರೆ.

"ಏನು ಸುದ್ದಿ?"

"ಒಳ್ಳೆಯದೇ," ಎಂದೆ. "ಬೇರೆ ಸುದ್ದಿಯಿಲ್ಲ."

ಖರ್ಜೂರ ಮುಂದಿಟ್ಟರು. ಅಂಗಡಿಯ ಡಬ್ಬಿಯದು, ತೋಟದ್ದಲ್ಲ. ಕಾಫಿ ಸುರಿದರು. ನಾನು ಹೇಳಬೇಕೆಂದುಕೊಂಡು ಬಂದ ಮಾತುಗಳಿದ್ದವು. ಕೈ ಎಟುಕಲಿಲ್ಲ ಎನ್ನಬೇಕಿತ್ತು, ನಾನಾಗಿ ಬಟ್ಟೆ ಬಿಡಲಿಲ್ಲ ಎನ್ನಬೇಕಿತ್ತು. ಅರಬಿಯ ಪದಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಮೊದಲ ಕಪ್ ಕುಡಿದು ಮುಗಿಸಿ, ಎರಡನೆಯದಕ್ಕೆ ಕಪ್ಪನ್ನು ಮುಂದೆ ಹಿಡಿದೆ.

ಆಗ ದೂರದ ಸೇತುವೆಯ ಮೇಲೆ ಟ್ಯಾಂಕರೊಂದು ಹಾರ್ನ್ ಹೊಡೆಯಿತು. ಮುಂದಿನ ಗಾಡಿ ನಿಧಾನವಾಗಿತ್ತೇನೋ. ಒಮ್ಮೆ, ಅಷ್ಟೇ.

ಹಮೂದ್ ಕೈ ಅಲ್ಲೇ ನಿಂತಿತು. ಫ್ಲಾಸ್ಕನ್ನು ಚಾಪೆಯ ಮೇಲಿಟ್ಟು ಎದ್ದರು. ಒಳಗೆ ಹೋಗಿ ಬಂದರು. ಕೈಯಲ್ಲಿ ಧೂಪದ ಪಾತ್ರೆಯಿತ್ತು, ಕೆಂಡ ಆಗಲೇ ಹೊತ್ತಿತ್ತು. ಯಾರೇ ಬರಲಿ, ಬರುವ ಮೊದಲೇ ಹೊತ್ತಿಸಿಡುತ್ತಾರೋ ಏನೋ. ನನ್ನ ಮುಂದೆ ಹಿಡಿದರು.

ನಾನು ಹೊಗೆಯನ್ನು ಮುಖಕ್ಕೆ, ಅಂಗಿಗೆ ಹಿಡಿಸಿಕೊಂಡೆ. ಉಸಿರು ಬಿಗಿಹಿಡಿದು ಎದ್ದು ನಿಂತೆ. ಅವರು ಬೆನ್ನಿಗೆ ಕೈಯಿಟ್ಟು ನನ್ನನ್ನು ಬಾಗಿಲಿನವರೆಗೆ ಕಳಿಸಿಕೊಟ್ಟರು.

ಅಂಗಳಕ್ಕೆ ಇಳಿದು ಬೆಟ್ಟದ ಕಡೆ ನೋಡಿದೆ. ಒಂದು ಮೋಡವೂ ಇರಲಿಲ್ಲ.